ಮೊದಲು ಎಲೆ ಮಗುಚಿ, ಆಮೇಲೆ ಹೂವು ನೋಡಿ: ಜಾವಾದ ರೋಡೋಡೆಂಡ್ರಾನ್‌ ವರ್ಣನೆ ಬರೆಯುವ ಕ್ರಮ

ಪಶ್ಚಿಮ ಜಾವಾದ ಗೆಡೆ ಪರ್ವತದ ಕಾಡಿನಲ್ಲಿ, ಪಾಚಿ ಹೊದ್ದ ಮರದ ಕವಲಿನಲ್ಲಿ ಕಿತ್ತಳೆ ಬಣ್ಣದ ದೊಡ್ಡ ಹೂಗೊಂಚಲು ಕಂಡರೆ ಅದು ರೋಡೋಡೆಂಡ್ರಾನ್ ಜವಾನಿಕಮ್ ಆಗಿರುವ ಸಾಧ್ಯತೆ ಹೆಚ್ಚು. ಬ್ಲೂಬೆರಿ ಮತ್ತು ಕುಂಡಗಳಲ್ಲಿ ಬೆಳೆಸುವ ಅಜೇಲಿಯಾಗಳ ಎರಿಕೇಸಿ ಕುಟುಂಬಕ್ಕೇ ಸೇರಿದ ಪೊದೆ ಇದು. ಸಸ್ಯವಿಜ್ಞಾನಿ ಬ್ಲೂಮ್ 1826ರಲ್ಲಿ ಇದಕ್ಕೆ ಇಟ್ಟ ಹೆಸರು ವೈರೇಯಾ ಜವಾನಿಕಾ. ವೈರೇಯಾ ಎಂದದ್ದು ಫ್ರಾನ್ಸಿನ ನಿಸರ್ಗವಿಜ್ಞಾನಿ ಜೂಲಿಯನ್ ಜೋಸೆಫ್ ವಿರೇ ಅವರ ನೆನಪಿಗೆ. ಗಿಡ ಮುಂದೆ ರೋಡೋಡೆಂಡ್ರಾನ್ ಕುಲಕ್ಕೆ ಸೇರಿತು. ವೈರೇಯಾ ಎಂಬ ಹೆಸರು ಆಗ್ನೇಯ ಏಷ್ಯಾದ ಸುಮಾರು 300 ಪ್ರಭೇದಗಳ ಗುಂಪಿಗೆ ಉಳಿದುಕೊಂಡಿತು.

ಇಷ್ಟೊಂದು ಹತ್ತಿರದ ನೆಂಟರಿರುವಾಗ “ಚಂದದ ಕಿತ್ತಳೆ ಹೂವಿನ ಗಿಡ” ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ಇದೇ ಪ್ರಭೇದದಲ್ಲಿ ಹಳದಿ ಹೂವೂ ಇದೆ, ಕೆಂಪೂ ಇದೆ. ಹಾಗಾಗಿ ಬಣ್ಣವನ್ನು ಬರೆದಿಡಿ, ಆದರೆ ಅದೊಂದನ್ನೇ ನೆಚ್ಚಿಕೊಳ್ಳಬೇಡಿ.

ಬೇಕಾದ ಸಾಮಾನು ಕಡಿಮೆ: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈ ಲೆನ್ಸು, 15 ಸೆಂ.ಮೀ. ಸ್ಕೇಲು, ಹೊಸ ಬ್ಲೇಡು, ಸೂಜಿ, ಪೆನ್ಸಿಲ್, ನೋಟ್‌ಪುಸ್ತಕ. ಪೆನ್ನು ಬೇಡ, ಮಂಜಿನಲ್ಲಿ ಶಾಯಿ ಹರಡುತ್ತದೆ. ಗೆಡೆ ಪರ್ವತ ರಾಷ್ಟ್ರೀಯ ಉದ್ಯಾನದೊಳಗಿದೆ. ಅನುಮತಿ ಇಲ್ಲದಿದ್ದರೆ ಒಂದು ಎಲೆಯನ್ನೂ ಕೀಳದೆ, ಪಕ್ಕದಲ್ಲಿ ಸ್ಕೇಲು ಹಿಡಿದು ಫೋಟೊ ತೆಗೆಯಿರಿ. ಬ್ಲೇಡಿನ ಕೆಲಸವನ್ನು ಉದುರಿದ ಹೂವಿನಲ್ಲಿ ಮಾಡಿಕೊಳ್ಳಬಹುದು.

1. ಗಿಡ ನಿಂತ ರೀತಿ. ಬೇರು ನೆಲದಲ್ಲಿದೆಯೋ, ಮರದ ಮೇಲೋ? ಜವಾನಿಕಮ್ ಎರಡೂ ಕಡೆ ಬೆಳೆಯುತ್ತದೆ. ಎತ್ತರ, ಕೊಂಬೆ ಒಡೆದ ಬಗೆ, ಸಮುದ್ರಮಟ್ಟದಿಂದ ಎಷ್ಟು ಮೀಟರ್ ಎಂಬುದನ್ನು ಅಲ್ಲೇ ಬರೆಯಿರಿ. ಒಣಗಿಸಿದ ಮಾದರಿ ಇದ್ಯಾವುದನ್ನೂ ಹೇಳುವುದಿಲ್ಲ.

2. ಎಲೆಯ ಜೋಡಣೆ, ಅಳತೆ. ಎಲೆಗಳು ಕೊಂಬೆಯ ತುದಿಯಲ್ಲಿ ಒತ್ತಾಗಿ, ಒಂದೇ ಗಿಣ್ಣಿನಿಂದ ಸುತ್ತಲೂ ಹೊರಟಂತೆ ಕಾಣುತ್ತವೆ. ಲೆನ್ಸಿನಲ್ಲಿ ನೋಡಿದರೆ ತೊಟ್ಟುಗಳು ಒಂದರ ಮೇಲೊಂದು ಸ್ವಲ್ಪ ಅಂತರದಲ್ಲಿವೆ. ಆದ್ದರಿಂದ ಇದನ್ನು ‘ಹುಸಿ ಸುತ್ತು’ ಎಂದೇ ಬರೆಯಬೇಕು. ಬಲಿತ ಎಲೆಗಳಲ್ಲಿ ಕನಿಷ್ಠ ಹತ್ತನ್ನು ಅಳೆಯಿರಿ. ತೊಟ್ಟಿನ ಅಳತೆ ಬೇರೆ, ಅಲಗಿನ ಅಳತೆ ಬೇರೆ. ಹೊಸಬರು ಕಣ್ಣಿಗೆ ಬಿದ್ದ ದೊಡ್ಡ ಎಲೆಯನ್ನಷ್ಟೇ ಅಳೆದುಬಿಡುತ್ತಾರೆ, ವರ್ಣನೆ ಅಲ್ಲೇ ದಾರಿ ತಪ್ಪುತ್ತದೆ.

3. ಎಲೆಯ ಅಡಿಭಾಗ. ಇಲ್ಲಿ ಅವಸರ ಮಾಡಬೇಡಿ. ಲೆನ್ಸನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿದು, ಎಲೆಯನ್ನು ಅದರ ಕಡೆಗೆ ತನ್ನಿ. ಬರಿಗಣ್ಣಿಗೆ ಧೂಳಿನಂತಿದ್ದ ಕಂದು ಚುಕ್ಕಿಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಇವು ಶಲ್ಕಗಳು, ಎಲೆಗೆ ಅಂಟಿಕೊಂಡ ಚಪ್ಪಟೆ ಬಿಲ್ಲೆಗಳು. ಬಿಲ್ಲೆಯ ಅಂಚು ದುಂಡಗಿದೆಯೋ, ಸೀಳಿದೆಯೋ, ನಕ್ಷತ್ರದಂತಿದೆಯೋ? ಒಂದಕ್ಕೊಂದು ತಾಗಿವೆಯೋ, ದೂರ ದೂರ ಇವೆಯೋ? ವೈರೇಯಾ ಗುಂಪಿನೊಳಗೆ ಪ್ರಭೇದ ಬೇರ್ಪಡಿಸಲು ಇಷ್ಟು ನೆರವಾಗುವ ಲಕ್ಷಣ ಹೂವಿನಲ್ಲೂ ಕಡಿಮೆ.

ವ್ಯತ್ಯಾಸ ಮನದಟ್ಟಾಗಬೇಕಾದರೆ ನೀಲಗಿರಿಯ ದೊಡ್ಡಬೆಟ್ಟಕ್ಕೆ ಹೋದಾಗ ಅಲ್ಲಿನ ಕೆಂಪು ಹೂವಿನ ರೋಡೋಡೆಂಡ್ರಾನ್ ಮರದ ಎಲೆ ಮಗುಚಿ ನೋಡಿ. ಕುಲ ಒಂದೇ, ಆದರೆ ಅಲ್ಲಿ ಬಿಲ್ಲೆಗಳಿಲ್ಲ. ಕೂದಲು ಹೆಣೆದುಕೊಂಡು ಕಂಬಳಿಯಂತೆ ಹೊದ್ದಿರುತ್ತದೆ.

ಎಲೆ ಹಳೆಯದಾದಂತೆ ಶಲ್ಕ ಉದುರುತ್ತದೆ, ಬೆರಳಿನಿಂದ ಉಜ್ಜಿದರೂ ಹೋಗುತ್ತದೆ. “ಶಲ್ಕವಿಲ್ಲ” ಎಂದು ಬರೆಯುವ ಮುನ್ನ ಎಳೆಯ ಚಿಗುರನ್ನೂ ಮೊಗ್ಗಿನ ತೊಟ್ಟನ್ನೂ ನೋಡಲೇಬೇಕು.

4. ಹೂವು, ಹೊರಗಿನಿಂದ ಒಳಗೆ. ಗೊಂಚಲಿನಲ್ಲಿ ಎಷ್ಟು ಹೂವು ಎಂದು ಎಣಿಸಿ, ಹಲವು ಗೊಂಚಲುಗಳಲ್ಲಿ ಎಣಿಸಿ. ಪುಷ್ಪಪಾತ್ರೆ, ಅಂದರೆ ದಳಗಳ ಹೊರಗಿನ ಸುತ್ತು, ಹುಡುಕಿದರೂ ಸಿಗುವುದು ಕಷ್ಟ: ತೊಟ್ಟಿನ ತುದಿಯಲ್ಲಿ ಸಣ್ಣ ತಟ್ಟೆಯಂತೆ ಕುಗ್ಗಿರುತ್ತದೆ. ಅದು ಇಲ್ಲವೆಂದು ಬರೆದರೆ ತಪ್ಪು. ದಳಗಳು (ಒಟ್ಟಾಗಿ ದಳಪುಂಜ) ಬುಡದಲ್ಲಿ ಕೂಡಿ ಲಾಳಿಕೆಯಂತಾಗಿ, ತುದಿಯಲ್ಲಿ ಐದು ಹಾಲೆಗಳಾಗಿ ಅರಳುತ್ತವೆ. ಉದ್ದ ಸುಮಾರು 4ರಿಂದ 5 ಸೆಂ.ಮೀ. ಕೊಳವೆಯ ಉದ್ದ, ಹಾಲೆಯ ಉದ್ದ, ಬಾಯಿಯ ಅಗಲ ಮೂರನ್ನೂ ಬೇರೆ ಬೇರೆ ಬರೆಯಿರಿ. ಅದೇ ಪರ್ವತದಲ್ಲಿ ಸಿಗುವ ರೋಡೋಡೆಂಡ್ರಾನ್ ರೆಟೂಸಮ್‌ನ ಹೂವು ಚಿಕ್ಕದು, ಕೆಂಪು, ನೀಳ ಕೊಳವೆ. ಅಳತೆ ಸರಿಯಿದ್ದರೆ ಎರಡನ್ನೂ ಗೊಂದಲ ಮಾಡಿಕೊಳ್ಳುವ ಪ್ರಶ್ನೆಯೇ ಇಲ್ಲ.

ಈಗ ಬ್ಲೇಡಿನಿಂದ ಹೂವನ್ನು ಉದ್ದಕ್ಕೆ ಸೀಳಿ. ಕೇಸರ ಹತ್ತು, ಎಲ್ಲವೂ ಒಂದೇ ಉದ್ದವಿರುವುದಿಲ್ಲ. ಪರಾಗಕೋಶ ಪಕ್ಕದಲ್ಲಿ ಸೀಳದೆ, ತುದಿಯ ಎರಡು ರಂಧ್ರಗಳಲ್ಲಿ ತೆರೆಯುತ್ತದೆ. ಸೂಜಿಯ ಮೊನೆಯನ್ನು ರಂಧ್ರಕ್ಕೆ ತಾಗಿಸಿ ಮೆಲ್ಲಗೆ ಹಿಂದೆಳೆದರೆ ಪರಾಗ ಪುಡಿಯಾಗಿ ಉದುರದು, ಅಂಟುನೂಲಿಗೆ ಪೋಣಿಸಿದಂತೆ ಎಳೆಎಳೆಯಾಗಿ ಬರುತ್ತದೆ. ಭೇಟಿ ಕೊಟ್ಟ ಕೀಟಕ್ಕೋ ಹಕ್ಕಿಗೋ ಒಂದೇ ಸಲಕ್ಕೆ ಬಹಳಷ್ಟು ಪರಾಗ ಅಂಟಲಿ ಎಂದೇ ಈ ಏರ್ಪಾಡು.

5. ಅಂಡಾಶಯ, ಕಾಯಿ, ಬೀಜ. ಅಂಡಾಶಯ ದಳಗಳ ಬುಡಕ್ಕಿಂತ ಮೇಲೆ ಕುಳಿತಿದೆಯೇ? ಹಾಗಿದ್ದರೆ ರೋಡೋಡೆಂಡ್ರಾನ್ ಇರಬಹುದು. ಕೆಳಗಿದ್ದು ರಸಭರಿತ ಹಣ್ಣಾದರೆ ಅದು ಬ್ಲೂಬೆರಿಯ ವ್ಯಾಕ್ಸಿನಿಯಮ್ ಕುಲದ ಕಡೆಯದು. ಅಡ್ಡಕ್ಕೆ ಕೊಯ್ದು ಕೋಣೆ ಎಣಿಸಿ: ವೈರೇಯಾದಲ್ಲಿ ಸಾಮಾನ್ಯವಾಗಿ ಐದು. ಮೈಮೇಲೆ ಕೂದಲೋ, ಶಲ್ಕವೋ, ಎರಡೂ ಇದೆಯೋ ಬರೆಯಿರಿ. ಒಣಕಾಯಿ ತುದಿಯಿಂದ ಐದು ಹೋಳಾಗಿ ಒಡೆದು, ಹೋಳುಗಳು ಹೊರಕ್ಕೆ ಬಾಗುತ್ತವೆ. ಬೀಜದ ಎರಡೂ ತುದಿಗೆ ನೂಲಿನಂಥ ಬಾಲವಿರುವುದರಿಂದ ಗಾಳಿಗೆ ತೇಲಿ ಮರದ ಕವಲಿನ ಪಾಚಿಯಲ್ಲಿ ಸಿಕ್ಕಿಕೊಳ್ಳಬಲ್ಲದು. ಒಡೆದ ಕಾಯಿಯನ್ನು ಬಿಳಿ ಕಾಗದದ ಮೇಲೆ ತಟ್ಟಿ ನೋಡಿ.

6. ಒಣಗಿಸುವುದು. ಅನುಮತಿ ಇದ್ದು ಮಾದರಿ ತಂದಿದ್ದರೆ, ಒಂದೆರಡು ಎಲೆಗಳನ್ನು ಅಡಿಭಾಗ ಮೇಲೆ ಬರುವಂತೆ ಇಟ್ಟು ಒತ್ತಿ. ಎಲೆ ದಪ್ಪ, ತೊಗಲಿನಂಥದ್ದು. ಮೊದಲ ಕೆಲವು ದಿನ ನಿತ್ಯವೂ ಕಾಗದ ಬದಲಿಸದಿದ್ದರೆ ಬೂಷ್ಟು ಹಿಡಿದು ಕಪ್ಪಾಗುತ್ತದೆ. ಹೂವಿನ ಬಣ್ಣವೂ ಲಾಳಿಕೆಯ ಆಕಾರವೂ ಒತ್ತಿದ ಮೇಲೆ ಉಳಿಯುವುದಿಲ್ಲ. ಒಂದು ಹೂವನ್ನು ಶೇ 70ರ ಆಲ್ಕೋಹಾಲಿನಲ್ಲಿ ಇಡಿ.

ಬರೆಯುವಾಗ ಕ್ರಿಯಾಪದ ಕಡಿಮೆ ಇರಲಿ, ಕ್ರಮ ಬದಲಾಗದಿರಲಿ. ಮಾದರಿ ಹೀಗೆ:

“ನೆಲದಲ್ಲಿ ಅಥವಾ ಮರದ ಮೇಲೆ ಬೆಳೆಯುವ ಪೊದೆ, ಎತ್ತರ ___ ಮೀ. ಎಲೆಗಳು ಹುಸಿ ಸುತ್ತುಗಳಲ್ಲಿ. ಅಲಗು ದೀರ್ಘವೃತ್ತಾಕಾರ, ___ × ___ ಸೆಂ.ಮೀ., ಅಂಚು ಅಖಂಡ (ಹಲ್ಲಿಲ್ಲದ್ದು), ಅಡಿಭಾಗದಲ್ಲಿ ಕಂದು ಶಲ್ಕ. ಗೊಂಚಲಿನಲ್ಲಿ ___ ಹೂ. ಪುಷ್ಪಪಾತ್ರೆ ತಟ್ಟೆಯಾಕಾರ, ಕುಗ್ಗಿದ್ದು. ದಳಪುಂಜ ಲಾಳಿಕೆಯಾಕಾರ, ಕಿತ್ತಳೆ, ಹಾಲೆ 5. ಕೇಸರ 10. ಅಂಡಾಶಯ 5 ಕೋಣೆ.”

ಖಾಲಿ ಜಾಗಕ್ಕೆ ಕನಿಷ್ಠ ಮತ್ತು ಗರಿಷ್ಠ ಅಳತೆ ಬರಬೇಕು. ಉಳಿದವುಗಳಿಂದ ತೀರಾ ಹೊರಗುಳಿದ ಒಂದೇ ಅಳತೆ ಇದ್ದರೆ ಅದನ್ನು ಆವರಣದಲ್ಲಿ ಹಾಕಿ. ಉದಾಹರಣೆಗೆ, 9–16 (–19) ಎಂದು.