ಗಾಳಿಯಲ್ಲಿ ಚಿತ್ರ ಬರೆಯುವಾಗ ಕಾಲಿಗೂ ಕೆಲಸ ಕೊಡಿ

ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ಕಂಪ್ಯೂಟರಿನ ಲೋಕ ಕಾಣಿಸುವ ವಿಆರ್ ಹೆಡ್‌ಸೆಟ್ ಹಾಕಿಕೊಂಡು ನಾನು ಮೊದಲ ಸಲ ಗಾಳಿಯಲ್ಲಿ ಬರೆದದ್ದು ಒಂದು ಮುಖ. ಎದುರಿನಿಂದ ಚೆನ್ನಾಗಿಯೇ ಇತ್ತು. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿದರೆ ಮೂಗು ಒಂದು ಕಡೆ, ಕಣ್ಣು ಅದಕ್ಕಿಂತ ಒಂದು ಗೇಣು ಹಿಂದೆ, ಕಿವಿ ಇನ್ನೆಲ್ಲೋ ತೇಲುತ್ತಿತ್ತು. ಎದುರಿಗೆ ಹಾಳೆ ಇದೆ ಅಂತ ಕೈ ನಂಬಿಕೊಂಡಿರುತ್ತದೆ, ಮೊದಲು ಆ ನಂಬಿಕೆ ಬಿಡಿಸಬೇಕು.

ಶುರುವಿಗೆ ಓಪನ್ ಬ್ರಷ್ ಅನ್ನುವ ವಿಆರ್ ಚಿತ್ರ ಬರೆಯುವ ಆ್ಯಪ್ ಸಾಕು, ದುಡ್ಡು ಕೊಡಬೇಕಿಲ್ಲ. ಗೂಗಲ್ 2016ರಲ್ಲಿ ತಂದ ಟಿಲ್ಟ್ ಬ್ರಷ್‌ನ ಕೋಡನ್ನು 2021ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು, ಅದನ್ನೇ ಆಸಕ್ತರು ಸೇರಿ ಬೆಳೆಸಿದ್ದು ಇದು. ಸುತ್ತ ಎರಡು ಹೆಜ್ಜೆಯಾದರೂ ಖಾಲಿ ಜಾಗ ಇರಲಿ. ಫ್ಯಾನ್ ತಗ್ಗಿನಲ್ಲಿದ್ದರೆ ಬೇರೆ ಕೋಣೆಗೆ ಹೋಗಿ, ಕೈ ಮೇಲೆತ್ತುವ ಕೆಲಸ ಜಾಸ್ತಿ ಇರುತ್ತದೆ.

ಎರಡೂ ಕೈಯಲ್ಲಿ ಒಂದೊಂದು ಹಿಡಿಕೆ (ಕಂಟ್ರೋಲರ್) ಇರುತ್ತದೆ. ಎಡಗೈಯಲ್ಲಿ ಬಣ್ಣ, ಬ್ರಷ್‌ಗಳ ಹಲಗೆ. ಬಲಗೈಯ ಟ್ರಿಗರ್, ಅಂದರೆ ತೋರುಬೆರಳಿನ ಗುಂಡಿ, ಒತ್ತಿದರೆ ಗೆರೆ. ಬಹಳಷ್ಟು ಬ್ರಷ್‌ಗಳಲ್ಲಿ ಈ ಗೆರೆ ಅಂದರೆ ಒಂದು ರಿಬ್ಬನ್ ಅಷ್ಟೇ, ಮಣಿಕಟ್ಟು ತಿರುಗಿಸಿದ ಹಾಗೆ ತಿರುಚಿಕೊಳ್ಳುತ್ತದೆ, ಅಂಚಿನಿಂದ ನೋಡಿದರೆ ಕಾಣುವುದೇ ಇಲ್ಲ.

ಒಂದು ತೆಂಗಿನ ಮರ ಬರೆದು ನೋಡಿ. ಕುಕ್ಕರಗಾಲಲ್ಲಿ ಕೂತು ನೆಲದಿಂದ ಶುರು ಮಾಡಿ, ಹಾಗೇ ಎದ್ದು ನಿಂತು, ಕೈ ಎಟಕುವವರೆಗೂ ಒಂದೇ ಎಳೆತಕ್ಕೆ ಕಾಂಡ ಎಳೆಯಿರಿ. ಗರಿಗೆ ಮರದ ತಲೆಯ ಹತ್ತಿರ ಟ್ರಿಗರ್ ಒತ್ತಿ, ತೋಳನ್ನು ಪೂರ್ತಿ ಹೊರಗೆ ಚಾಚುತ್ತಾ ಬಂದು, ಕೊನೆಯಲ್ಲಿ ಮಣಿಕಟ್ಟು ಕೆಳಗೆ ಬಾಗಿಸಿ ಬಿಡಿ. ಎರಡನೇ ಗರಿಯನ್ನು ಮಾತ್ರ ಅಲ್ಲೇ ನಿಂತು ಬರೆಯಬೇಡಿ. ಒಂದು ಹೆಜ್ಜೆ ಸರಿಯಿರಿ, ಅಲ್ಲಿಂದ ಬರೆಯಿರಿ, ಮತ್ತೆ ಸರಿಯಿರಿ. ಮರದ ಸುತ್ತ ಒಂದು ಸುತ್ತು ಬರುವಷ್ಟರಲ್ಲಿ ಎಲ್ಲಾ ಕಡೆಯಿಂದಲೂ ಮರವೇ ಆಗಿರುತ್ತದೆ.

ಈಗ ಎರಡೂ ಕೈಯ ಗ್ರಿಪ್, ಅಂದರೆ ಹಿಡಿಕೆಯ ಪಕ್ಕದ ಗುಂಡಿ, ಒತ್ತಿ ಹಿಡಿದು ಕೈಗಳನ್ನು ಹತ್ತಿರ ತನ್ನಿ. ಮರ ಅಂಗೈಯಷ್ಟಾಗುತ್ತದೆ, ಓರೆಯಾಗಿದೆಯಾ ಅಂತ ಆಗಲೇ ಗೊತ್ತಾಗುವುದು. ದೂರ ಮಾಡಿದರೆ ನೀವು ಗರಿಗಳ ಮಧ್ಯೆ ನಿಂತಿರುತ್ತೀರಿ, ಎಳನೀರಿನ ಗೊನೆಯನ್ನು ಅಲ್ಲೇ ಬರೆಯಿರಿ.

ಅಳಿಸುವಾಗ ಹುಷಾರು. ರಬ್ಬರ್ ತಾಗಿಸಿದರೆ ತುದಿ ಮಾತ್ರ ಹೋಗುವುದಿಲ್ಲ, ಇಡೀ ಗೆರೆಯೇ ಹೋಗುತ್ತದೆ. ಹಾಗಾಗಿ ಪೆನ್ಸಿಲ್ಲಿನ ಹಾಗೆ ಸುಮ್ನೆ ಗೀಚಿ ತಿದ್ದುವುದು ಇಲ್ಲಿ ನಡೆಯಲ್ಲ. ಟ್ರಿಗರ್ ಒತ್ತದೆ ಒಂದು ಸಲ ಕೈ ಆಡಿಸಿ, ದಾರಿ ಸರಿ ಅನಿಸಿದ ಮೇಲೆ ಎಳೆಯಿರಿ.

ಕಾಗದದಲ್ಲಿ ಯಾವ ಕಡೆಯಿಂದ ಕಾಣಬೇಕು ಅನ್ನುವುದನ್ನು ಮೊದಲೇ ಗೊತ್ತುಮಾಡಿಕೊಂಡಿರುತ್ತೇವೆ, ಅಲ್ವಾ? ಇಲ್ಲಿ ಅದು ಕೊನೆಯ ಕೆಲಸ. ಮರದ ಬುಡದಲ್ಲಿ ಕೂತು ಆ್ಯಪ್‌ನಲ್ಲೇ ಇರುವ ಕ್ಯಾಮೆರಾವನ್ನು ಮೇಲಕ್ಕೆ ಹಿಡಿದು ಒಂದು ಫೋಟೋ ತೆಗೆಯಿರಿ, ಆಮೇಲೆ ಗರಿಗಳ ಮೇಲಿನಿಂದ ಇನ್ನೊಂದು.