ಗೇರುಹಣ್ಣಿನ ರಸ ತಿಳಿಯಾಗಲು ಸಾಬಕ್ಕಿ

ಗೇರುಹಣ್ಣಿನ ರಸದ ಒಗರು, ಕದಡು ಎರಡನ್ನೂ ತೆಗೆಯಲು ಲೀಟರಿಗೆ 5 ಗ್ರಾಂ ಸಾಬಕ್ಕಿ ಸಾಕು. ಪುಡಿ ಮಾಡಿ, ಸ್ವಲ್ಪ ನೀರಿನಲ್ಲಿ ಅಂಟಂಟಾಗುವವರೆಗೆ ಕಾಯಿಸಿ, ಪೂರ್ತಿ ಆರಿದ ಮೇಲೆ ಸೋಸಿದ ರಸಕ್ಕೆ ಹಾಕಿ ಚೆನ್ನಾಗಿ ಕಲಕಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿ ಅಲುಗಾಡಿಸದೆ ಇಡಿ. ಗಂಟಲು ಹಿಡಿಯುವ ಟ್ಯಾನಿನ್ ಎಂಬ ಒಗರಿನ ಅಂಶ ಈ ಗಂಜಿಗೆ ಅಂಟಿಕೊಂಡು ಉಂಡೆಗಟ್ಟಿ, ಭಾರಕ್ಕೆ ತಳ ಸೇರುತ್ತದೆ. ಮೇಲೆ ನಿಲ್ಲುವುದು ತಿಳಿ ರಸ. ಬಿಯರ್ ಮಾಡುವವರು ಕಹಿಗೆಂದು ಹಾಕುವ ಹಾಪ್ಸ್ ಹೂವಿನ ಚೂರು, ಯೀಸ್ಟು ಕೆಳಗಿಳಿಯಲಿ ಎಂದು ಪಾತ್ರೆಯನ್ನು ತಣ್ಣಗಿಡುವುದೂ ಹೆಚ್ಚುಕಡಿಮೆ ಇದೇ ಲೆಕ್ಕ. ಬೆಳಗ್ಗೆ ಪಾತ್ರೆ ಬಗ್ಗಿಸಿ ಸುರಿಯಬೇಡಿ, ಇಷ್ಟು ಹೊತ್ತು ಕಾದದ್ದೆಲ್ಲ ಒಂದು ಕ್ಷಣದಲ್ಲಿ ಕದಡಿಹೋಗುತ್ತದೆ. ತೊಳೆದ ಸಣ್ಣ ಪೈಪನ್ನು ಗಷ್ಟಿನಿಂದ ಎರಡು ಬೆರಳು ಮೇಲೆ ನಿಲ್ಲಿಸಿ ತಿಳಿ ರಸವನ್ನು ಎಳೆದುಕೊಳ್ಳಿ. ಕೊನೆಯ ಅರ್ಧ ಲೋಟಕ್ಕೆ ಆಸೆಪಡದಿರುವುದೇ ಒಳ್ಳೆಯದು. ಹಣ್ಣು ಮಿಕ್ಸಿಗೆ ಹಾಕಿದ್ದರೆ ಈ ಉಪಾಯ ಅಷ್ಟಾಗಿ ಫಲಿಸದು, ನಾರು ತೀರಾ ನುಣ್ಣಗಾಗಿ ತೇಲುತ್ತಲೇ ಇರುತ್ತದೆ. ಕೈಯಲ್ಲಿ ಹಿಂಡಿ ಬಟ್ಟೆಯಲ್ಲಿ ಸೋಸಿ. ಹುಳಿ ಬರತೊಡಗಿದ ರಸಕ್ಕೂ ಆಗದು, ಗುಳ್ಳೆಗಳು ಗಷ್ಟನ್ನು ಮತ್ತೆ ಮೇಲೆತ್ತುತ್ತವೆ. ನಮ್ಮ ಕಾಸರಗೋಡಿನ ಮಾರ್ಚ್-ಏಪ್ರಿಲ್ ಸೆಕೆಯಲ್ಲಿ ರಸ ಬಹಳ ಬೇಗ ಹುಳಿಯುತ್ತದೆ, ಹಾಗಾಗಿ ಬೆಳಗ್ಗೆ ಹೆಕ್ಕಿದ ಗಾಯವಿಲ್ಲದ ಹಣ್ಣನ್ನು ಅದೇ ದಿನ ಹಿಂಡಬೇಕು. ಸಾಬಕ್ಕಿ ಹೆಚ್ಚು ಹಾಕಿದರೆ ಇನ್ನೂ ತಿಳಿಯಾಗುವುದಿಲ್ಲ, ಗಂಜಿಯಿಂದಲೇ ರಸ ಮಬ್ಬಾಗುತ್ತದೆ. ಕಬ್ಬಿಣದ ಪಾತ್ರೆ, ಕತ್ತಿ ಎರಡೂ ಬೇಡ, ಟ್ಯಾನಿನ್ ತಾಗಿ ರಸ ಕಪ್ಪಾಗುತ್ತದೆ, ಸ್ಟೀಲಿನದ್ದು ಆದೀತು.