ಸೋವಿಯತ್–ಚೀನಾ ರಾಜಿ: ನಕ್ಷೆ ಹಿಡಿದು ಪಾಠ ಮಾಡುವ ಬಗೆ

ರಾಜ್ಯಶಾಸ್ತ್ರದ ತರಗತಿಯಲ್ಲಿ ಈ ಪಾಠವನ್ನು ನಾನು 1989ರ ಗೋರ್ಬಚೆವ್–ಡೆಂಗ್ ಶೃಂಗಸಭೆಯಿಂದ ಶುರು ಮಾಡುವುದಿಲ್ಲ. ಮೊದಲು ಹಲಗೆಯ ಮೇಲೆ ಎರಡು ದೇಶಗಳ ಗಡಿಯಲ್ಲಿ ಹರಿಯುವ ಅಮೂರ್, ಉಸ್ಸೂರಿ, ಅರ್ಗುನ್ ನದಿಗಳನ್ನು ಬರೆಯುತ್ತೇನೆ. 1969ರ ಮಾರ್ಚ್‌ನಲ್ಲಿ ಎರಡು ಸೇನೆಗಳು ಕಾದಾಡಿದ್ದು ಉಸ್ಸೂರಿಯ ಒಂದು ಪುಟ್ಟ ದ್ವೀಪದ ಮೇಲೆ. ರಷ್ಯನ್ನರಿಗೆ ಅದು ದಮನ್‌ಸ್ಕಿ, ಚೀನಿಯರಿಗೆ ಝೆನ್‌ಬಾವ್. ಎರಡೂ ಹೆಸರನ್ನು ಒಂದೇ ಚುಕ್ಕೆಯ ಪಕ್ಕ ಬರೆಯದಿದ್ದರೆ ವಿದ್ಯಾರ್ಥಿಗಳು ಎರಡು ದ್ವೀಪವೆಂದೇ ಎಣಿಸಿಬಿಡುತ್ತಾರೆ.

ಆಮೇಲೆ ನಾಲ್ಕು ಕಾಲಂಗಳ ಹಾಳೆ: ತಾರೀಖು, ಯಾರು ಸಡಿಲಿಸಿದರು, ಏನನ್ನು ಸಡಿಲಿಸಿದರು, ಏನು ಬಾಕಿ ಉಳಿಯಿತು. ಪಾಠದ ಜೀವ ಇರುವುದು ನಾಲ್ಕನೆಯದರಲ್ಲಿ.

ಸಂಬಂಧ ಸುಧಾರಿಸಲು ಮೂರು ಅಡ್ಡಿಗಳಿವೆ ಎಂದು ಚೀನಾ ಪಟ್ಟು ಹಿಡಿದಿತ್ತು: ಗಡಿಯಲ್ಲೂ ಮಂಗೋಲಿಯಾದಲ್ಲೂ ಇದ್ದ ಸೋವಿಯತ್ ಪಡೆ, ಅಫ್ಘಾನಿಸ್ತಾನದಲ್ಲಿದ್ದ ಸೋವಿಯತ್ ಸೇನೆ, ಕಾಂಬೋಡಿಯಾದಲ್ಲಿದ್ದ ವಿಯೆಟ್ನಾಂ ಸೇನೆ. 1986ರ ಜುಲೈ 28ರಂದು ವ್ಲಾದಿವೊಸ್ತೋಕ್‌ನಲ್ಲಿ ಸೋವಿಯತ್ ನಾಯಕ ಗೋರ್ಬಚೆವ್ ಮಾಡಿದ ಭಾಷಣ ಈ ಗಂಟನ್ನು ಸಡಿಲಿಸಿತು. 1989ರ ಫೆಬ್ರವರಿ 15ಕ್ಕೆ ಅಫ್ಘಾನಿಸ್ತಾನದಿಂದ ಸೋವಿಯತ್ ಸೇನೆ ಪೂರ್ತಿ ಹೊರಬಂತು. ಚೀನಾದ ನಾಯಕ ಡೆಂಗ್ ಶಿಯಾವೊಪಿಂಗ್ ಅವರನ್ನು ಗೋರ್ಬಚೆವ್ ಬೀಜಿಂಗ್‌ನಲ್ಲಿ ಭೇಟಿಯಾದದ್ದು ಇದಾದ ಮೇಲೆ, ಮೇ 16ರಂದು. ತಿಯಾನನ್‌ಮೆನ್ ಚೌಕದ ತುಂಬ ವಿದ್ಯಾರ್ಥಿಗಳಿದ್ದ ಕಾರಣ ಸ್ವಾಗತ ವಿಮಾನ ನಿಲ್ದಾಣದಲ್ಲೇ ನಡೆಯಿತು. ಸಂಬಂಧ ಈ ಭೇಟಿಯಿಂದ ಸುಧಾರಿಸಿತು ಎಂದು ಬರೆಯುವವರೇ ಹೆಚ್ಚು. ಹಾಳೆ ತುಂಬಿಸಿ ನೋಡಿದರೆ ಭೇಟಿ ಬರುವುದು ಕೆಲಸದ ಕೊನೆಗೆ.

ನಾನು ಹೆಚ್ಚು ಹೊತ್ತು ನಿಲ್ಲುವುದು ನದಿಯ ಹತ್ತಿರ. ರಷ್ಯಾ–ಚೀನಾ ನಡುವಿನ 1860ರ ಪೀಕಿಂಗ್ ಒಪ್ಪಂದದ ನಕ್ಷೆಯಲ್ಲಿ ಗಡಿಯ ಗೆರೆ ಚೀನಾದ ದಡಕ್ಕೆ ಒತ್ತಿಕೊಂಡಂತಿತ್ತು. ಅದನ್ನೇ ಆಧಾರವಾಗಿಟ್ಟುಕೊಂಡು ಸೋವಿಯತ್ತರು ಬಹುಪಾಲು ದ್ವೀಪಗಳು ತಮ್ಮವೆಂದರು. ದೋಣಿ, ಹಡಗು ಓಡಾಡುವ ನದಿಯಲ್ಲಿ ಹಡಗು ಸಾಗುವ ಮುಖ್ಯ ಹರಿವಿನ ನಡುಗೆರೆಯೇ ಗಡಿಯಾಗಬೇಕು ಎಂಬುದು ಚೀನಾದ ವಾದ. ಹಡಗು ಓಡದ ಹೊಳೆಗಳಲ್ಲಿ ನೀರಿನ ನಡುಗೆರೆ. 1991ರ ಮೇ 16ರ ಒಪ್ಪಂದ ಈ ನಿಯಮವನ್ನು ಒಪ್ಪಿತು, ದಮನ್‌ಸ್ಕಿ ಚೀನಾದ ಪಾಲಾಯಿತು. ಆದರೆ ಖಬರೋವ್ಸ್ಕ್ ಬಳಿಯ ಬೊಲ್ಶೋಯ್ ಉಸ್ಸೂರಿಸ್ಕಿ, ತರಬಾರೋವ್ ದ್ವೀಪಗಳು ಮತ್ತು ಅರ್ಗುನ್ ನದಿಯ ಬೊಲ್ಶೋಯ್ ದ್ವೀಪ ತೀರ್ಮಾನವಾಗದೆ ಉಳಿದವು. ಇವನ್ನು ಬದಿಗಿಟ್ಟು ಉಳಿದ ಸಾವಿರಾರು ಕಿಲೋಮೀಟರ್ ಗಡಿಯನ್ನು ಇತ್ಯರ್ಥ ಮಾಡಿದ್ದೇ ಈ ಒಪ್ಪಂದದ ನಿಜವಾದ ಜಾಣ್ಮೆ ಎಂದು ನನ್ನ ಅಭಿಪ್ರಾಯ. ಆ ದ್ವೀಪಗಳ ಒಪ್ಪಂದ ಬಂದದ್ದು 2004ರ ಅಕ್ಟೋಬರ್‌ನಲ್ಲಿ, ಹಸ್ತಾಂತರ 2008ರ ಅಕ್ಟೋಬರ್‌ನಲ್ಲಿ. ತರಬಾರೋವ್ ಪೂರ್ತಿ, ಬೊಲ್ಶೋಯ್ ಉಸ್ಸೂರಿಸ್ಕಿ ಸುಮಾರು ಅರ್ಧ ಚೀನಾಕ್ಕೆ ಹೋಯಿತು.

ಉತ್ತರ ಪತ್ರಿಕೆಗಳಲ್ಲಿ ಪದೇ ಪದೇ ಕಾಣುವ ತಪ್ಪೆಂದರೆ, ಕಾಗದದ ಮೇಲೆ ಗಡಿ ನಿರ್ಧರಿಸುವುದನ್ನೂ ನೆಲದಲ್ಲಿ ಕಂಬ ನೆಡುವುದನ್ನೂ ಒಂದೇ ಎಂದುಕೊಳ್ಳುವುದು. ಸಹಿ ಬಿದ್ದ ಮೇಲೆ ಅಳತೆಗೆ, ಕಂಬಕ್ಕೆ ವರ್ಷಗಟ್ಟಲೆ ಬೇಕು. ಜೊತೆಗೆ 1991ರ ಡಿಸೆಂಬರ್‌ನಲ್ಲಿ ಸೋವಿಯತ್ ಒಕ್ಕೂಟವೇ ಚದುರಿತು. ಪಶ್ಚಿಮದ ಗಡಿಯ ಬಹುಭಾಗ ಕಝಾಕಿಸ್ತಾನ, ಕಿರ್ಗಿಸ್ತಾನ, ತಾಜಿಕಿಸ್ತಾನಗಳ ಪಾಲಾಗಿ, ಅಲ್ಲಿ ರಷ್ಯಾಕ್ಕೆ ಉಳಿದದ್ದು ಸುಮಾರು 50 ಕಿ.ಮೀ. ಅದರ ಒಪ್ಪಂದ 1994ರದು. 1996ರಲ್ಲಿ ಶಾಂಘೈಯಲ್ಲಿ ಚೀನಾ, ರಷ್ಯಾ ಮತ್ತು ಈ ಮೂರು ಸೇರಿ ಐದು ದೇಶಗಳು ಗಡಿಯ ಎರಡೂ ಬದಿಗೆ 100 ಕಿ.ಮೀ. ವ್ಯಾಪ್ತಿಯ ಸೇನಾ ಚಟುವಟಿಕೆಗೆ ಕಟ್ಟುಪಾಡು ಹಾಕಿಕೊಂಡವು.

ಅದೇ ವರ್ಷದ ನವೆಂಬರ್ 29ರಂದು, ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ, ದೆಹಲಿಯಲ್ಲಿ ಭಾರತ ಮತ್ತು ಚೀನಾ ಕೂಡ ಗಡಿಯಲ್ಲಿ ಸೇನೆಗಳ ನಡುವೆ ವಿಶ್ವಾಸ ಬೆಳೆಸುವ ಒಪ್ಪಂದ ಮಾಡಿಕೊಂಡವು. ಇದನ್ನು ಪಕ್ಕದ ಹಾಳೆಯಲ್ಲಿ ಬರೆಸುತ್ತೇನೆ. ಅಲ್ಲಿ ನಾಲ್ಕನೆಯ ಕಾಲಂನಲ್ಲಿ ಗಡಿರೇಖೆಯೇ ಬರುತ್ತದೆ: ವಾಸ್ತವಿಕ ನಿಯಂತ್ರಣ ರೇಖೆ ಎಲ್ಲಿ ಹಾಯುತ್ತದೆ ಎಂಬುದೇ ಒಪ್ಪಿತವಾಗಿರಲಿಲ್ಲ.

2001ರ ಜುಲೈ 16ರ ರಷ್ಯಾ–ಚೀನಾ ಸ್ನೇಹ ಒಪ್ಪಂದವನ್ನು ಸೇನಾ ಮೈತ್ರಿ ಎಂದು ಬರೆದರೆ ನಾನು ಅಂಕ ಕಡಿಯುತ್ತೇನೆ. ಅದರ 9ನೇ ವಿಧಿ ಬೆದರಿಕೆ ಬಂದಾಗ ತಕ್ಷಣ ಸಮಾಲೋಚಿಸಬೇಕು ಎನ್ನುತ್ತದೆಯೇ ಹೊರತು ಯುದ್ಧಕ್ಕೆ ಇಳಿಯಬೇಕು ಎನ್ನುವುದಿಲ್ಲ.

ಹಾಳೆಯ ಕೊನೆಯ ಸಾಲು 2022ರದು: ತೋಂಗ್‌ಜಿಯಾಂಗ್ ಬಳಿ ಅಮೂರ್ ಮೇಲೆ ಎರಡು ದೇಶಗಳ ನಡುವಿನ ಮೊದಲ ರೈಲು ಸೇತುವೆ. ಬಾಕಿಯ ಕಾಲಂನಲ್ಲಿ ಎರಡು ಹಳಿಗಳ ನಡುವಿನ ಅಂತರ ಬರೆಸುತ್ತೇನೆ: ರಷ್ಯಾದ್ದು 1520 ಮಿ.ಮೀ., ಚೀನಾದ್ದು 1435.